ಲಿಲ್ಲಿ ಹೂವಿಗೆ ಚಿನ್ನದ ಲೇಪ

ಇಂಗ್ಲಿಷಿನಲ್ಲಿ ‘ಗಿಲ್ಡಿಂಗ್ ದಿ ಲಿಲ್ಲಿ’ ಎಂಬ ನುಡಿಗಟ್ಟೊಂದಿದೆ. ಲಿಲ್ಲಿ ಹೂವಿಗೆ ಚಿನ್ನದ ಲೇಪ ಕೊಡುವುದು ಎಂದು ಅದರ ಶಬ್ದಾರ್ಥ. ತಾನಾಗಿಯೇ ಚೆಲುವಾದುದಕ್ಕೆ ಬೇಡದ ಅಲಂಕಾರ ಮಾಡಿದಾಗ ಈ ಮಾತು ಬರುತ್ತದೆ.

ಇದರ ಮೂಲ ಷೇಕ್ಸ್‌ಪಿಯರನ ‘ಕಿಂಗ್ ಜಾನ್’ ನಾಟಕ. 1623ರಲ್ಲಿ ಮೊದಲು ಅಚ್ಚಾದ ಈ ನಾಟಕದಲ್ಲಿ, ಆಗಲೇ ಪಟ್ಟವೇರಿದ್ದ ಜಾನ್ ದೊರೆ ಮತ್ತೊಮ್ಮೆ ಕಿರೀಟ ಧರಿಸುತ್ತಾನೆ. ಇದನ್ನೊಪ್ಪದ ಸಾಲ್ಸ್‌ಬರಿ ಪ್ರಭು ಇಂಥ ವ್ಯರ್ಥ ಕೆಲಸಗಳ ಪಟ್ಟಿಯನ್ನೇ ಕೊಡುತ್ತಾನೆ. ಅಲ್ಲಿ ಚಿನ್ನದ ಲೇಪ ಅಪರಂಜಿಗೆ. ಲಿಲ್ಲಿಗೆ ಬಳಿಯುವುದು ಬರೇ ಬಣ್ಣ. ಜನರ ಬಾಯಲ್ಲಿ ಎರಡೂ ಬೆರೆತು ಒಂದಾದವು.

ಇದನ್ನು ಬಳಸುವಾಗ ನಮ್ಮ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ‘ಚಿನ್ನಕ್ಕೆ ಕುಂದಣವಿಟ್ಟಂತೆ’ ಎಂಬುದು ಕನ್ನಡದಲ್ಲಿ ಹೊಗಳಿಕೆ. ಅದೇ ಭಾವವೆಂದು ತಿಳಿದು ಗುರುಗಳ ಬೀಳ್ಕೊಡುಗೆಯಲ್ಲಿ ಈ ಇಂಗ್ಲಿಷ್ ಮಾತನ್ನಾಡಿದರೆ ಹೊಗಳಲು ಹೋಗಿ ತೆಗಳಿದಂತಾದೀತು. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಎಂಬ ಗಾದೆಯೂ ಇದಕ್ಕೆ ಸಮವಲ್ಲ. ಅದು ಇಲ್ಲದವನ ಆಡಂಬರ. ಇದು ಇದ್ದುದರ ಮೇಲಿನ ಅತಿರೇಕ. ‘ಸೂರ್ಯನಿಗೆ ದೀಪ ತೋರಿಸಿದಂತೆ’ ಎಂಬುದೇ ಹೆಚ್ಚು ಹತ್ತಿರ. ಸಾಲ್ಸ್‌ಬರಿಯ ಪಟ್ಟಿಯಲ್ಲೂ ಸೂರ್ಯನಿಗೆ ಬತ್ತಿ ಹಿಡಿಯುವ ಮಾತಿದೆಯೆಂಬುದು ಸ್ವಾರಸ್ಯಕರ.

ಆದರೆ ನಮ್ಮ ಸಭೆಗಳಲ್ಲಿ ಈ ಮಾತಿಗೆ ಒದಗಿರುವ ಗತಿಯನ್ನು ಓದುಗರು ಬಲ್ಲರು. ಅತಿಥಿಗಳನ್ನು ಪರಿಚಯಿಸುವುದು ಸೂರ್ಯನಿಗೆ ದೀಪ ತೋರಿಸಿದಂತೆ ಎಂದು ಆರಂಭಿಸಿದವರು, ಮತ್ತೆ ಅರ್ಧ ಗಂಟೆ ಆ ದೀಪವನ್ನೇ ಹಿಡಿದು ನಿಲ್ಲುತ್ತಾರೆ!

ಸಭೆಯಲ್ಲಾದರೆ ನಷ್ಟವಾಗುವುದು ಊಟದ ಹೊತ್ತು ಮಾತ್ರ. ಸರಕಾರಕ್ಕೆ ಸಲ್ಲಿಸುವ ಮನವಿಯಲ್ಲಿ ಹಾಗಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು, ಕಚೇರಿಯ ನಮೂನೆಗಳು ಕನ್ನಡದಲ್ಲಿ ದೊರೆಯಬೇಕು ಎಂಬ ಬೇಡಿಕೆಗಳು ತಾವಾಗಿಯೇ ನ್ಯಾಯವಾದವು. ಅವುಗಳ ಮುಂದೆ ಭಾಷೆಯ ಹಿರಿಮೆಯನ್ನು ಎರಡು ಪುಟ ಕೊಂಡಾಡಿದರೆ, ಓದುವ ಅಧಿಕಾರಿಗೆ ಉಳಿಯುವುದು ಕೊಂಡಾಟ, ಮರೆಯಾಗುವುದು ಬೇಡಿಕೆ. ಯಾವ ಶಾಲೆ, ಯಾವ ತರಗತಿ, ಎಷ್ಟು ಮಕ್ಕಳು, ಯಾವಾಗಿನಿಂದ ತೊಂದರೆ ಎಂಬಿಷ್ಟು ಮೊದಲ ಪುಟದಲ್ಲೇ ಇದ್ದರೆ ಉತ್ತರ ಕೇಳಲು ನಮಗೆ ಆಧಾರವಿರುತ್ತದೆ.

ಭಾಷಾಭಿಮಾನ ತಪ್ಪೆಂದು ನಾವು ಹೇಳುತ್ತಿಲ್ಲ. ಅದಕ್ಕೆ ಉತ್ಸವಗಳ ವೇದಿಕೆಯಿದೆ. ಮನವಿಗೆ ಸಹಿ ಹಾಕುವ ಮೊದಲು ಒಮ್ಮೆ ಓದಿ, ಲೇಪವಿದ್ದಲ್ಲಿ ಒರೆಸಿಬಿಡುವುದು ಮೇಲು.