ಪೇಸ್‌ಮೇಕರ್ ಮತ್ತು ಮನಸ್ಸಿನ ನೆಮ್ಮದಿ

ನಾಗಪುರದ ಧರಂಪೇಠದಲ್ಲಿರುವ ಒಂದು ಕನ್ನಡ ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆಯ ಯಜಮಾನರಿಗೆ ಅರವತ್ತೆಂಟು ವರ್ಷ. ಕೆಲವು ತಿಂಗಳುಗಳಿಂದ ಆಗಾಗ ಕಣ್ಣು ಕತ್ತಲೆಗೂಡಿ, ಒಮ್ಮೆ ಬಚ್ಚಲಮನೆಯಲ್ಲಿಯೇ ಕುಸಿದು ಬಿದ್ದುದರಿಂದ ಪರೀಕ್ಷೆ ಮಾಡಿಸಲಾಗಿ, ನಾಡಿಯು ನಿಮಿಷಕ್ಕೆ 36ಕ್ಕೆ ಇಳಿದಿರುವುದು ತಿಳಿದುಬಂದಿತು. ಪೇಸ್‌ಮೇಕರ್ ಅಳವಡಿಸಿದರು. ಮೂರನೆಯ ದಿನ ಮನೆಗೆ ಕಳುಹಿಸಿದರು. ನೆಂಟರಿಷ್ಟರು ಬಂದು, ಗಂಡಾಂತರ ಕಳೆಯಿತೆಂದು ಹರಸಿ ಹೋದರು. ಆದರೆ ಅಂದು ರಾತ್ರಿ ಎರಡು ಗಂಟೆಗೆ ಯಜಮಾನರು ಹಾಸಿಗೆಯಲ್ಲಿ ಎದ್ದು ಕುಳಿತು, ಮಣಿಕಟ್ಟಿನ ನಾಡಿಯನ್ನು ಒತ್ತಿ ಹಿಡಿದು, ಗೋಡೆಯ ಗಡಿಯಾರವನ್ನೇ ದಿಟ್ಟಿಸುತ್ತಿದ್ದಾರೆ. “ಏನ್ರೀ, ಮತ್ತೆ ಎಣಿಸ್ತಾ ಇದ್ದೀರಾ?” ಎಂದು ಪತ್ನಿ ಕೇಳಿದರೆ, “ಇಲ್ಲ, ಸುಮ್ಮನೆ ಎದ್ದೆ, ನೀನು ಮಲಗು” ಎಂಬ ಉತ್ತರ.

ಈ ಚಿತ್ರ ಕಲ್ಪಿತವಾದರೂ ಇಂಥ ರಾತ್ರಿಗಳು ಕಲ್ಪಿತವಲ್ಲ. ಶಸ್ತ್ರಕ್ರಿಯೆ ಸಫಲವಾದ ಬಳಿಕವೂ ಅನೇಕರನ್ನು ವಾರಗಟ್ಟಲೆ, ಕೆಲವರನ್ನು ತಿಂಗಳುಗಟ್ಟಲೆ ಒಂದು ಬಗೆಯ ಅಂಜಿಕೆ ಕಾಡುತ್ತದೆ. ವೈದ್ಯರು ಗಾಯವನ್ನು ನೋಡುತ್ತಾರೆ, ಯಂತ್ರವನ್ನು ಪರೀಕ್ಷಿಸುತ್ತಾರೆ. ಅಂಜಿಕೆಯ ಮಾತನ್ನು ರೋಗಿ ತಾನಾಗಿ ಎತ್ತುವುದಿಲ್ಲ. ಗಂಡಸರಂತೂ ಎತ್ತುವುದೇ ಇಲ್ಲ.

ಈ ಅಂಜಿಕೆಯ ಬಹುಭಾಗ ಯಂತ್ರದ ಕಾರ್ಯಕ್ರಮವನ್ನು ಅರಿಯದಿರುವುದರಿಂದ ಹುಟ್ಟುವಂಥದು. ಹೃದಯದ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಒಂದು ಚಿಕ್ಕ ಜೀವಕೋಶಗಳ ಗುಂಪು ಇದೆ. ಅಲ್ಲಿ ಹುಟ್ಟಿದ ವಿದ್ಯುತ್ ಸಂಜ್ಞೆ ಕೆಳಗಿಳಿದು ಹೃತ್ಕುಕ್ಷಿಗಳನ್ನು ಮುಟ್ಟಿದಾಗ ಅವು ಸಂಕುಚಿಸಿ ರಕ್ತವನ್ನು ದೂಡುತ್ತವೆ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಈ ಕೆಲಸ ನಡೆಯುತ್ತದೆ. ಸಂಜ್ಞೆ ಹುಟ್ಟುವಲ್ಲಿಯೋ ಹರಿಯುವ ದಾರಿಯಲ್ಲಿಯೋ ದೋಷ ಬಂದರೆ ಬಡಿತ ಮಂದವಾಗುತ್ತದೆ, ಮಿದುಳಿಗೆ ರಕ್ತ ಸಾಲದೆ ತಲೆ ತಿರುಗುತ್ತದೆ. ಪೇಸ್‌ಮೇಕರ್ ಈ ಕೊರತೆಯನ್ನು ತುಂಬುವ ಸಾಧನ. ಸಾಮಾನ್ಯವಾಗಿ ಎಡ ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ ಟೈಟೇನಿಯಂ ಲೋಹದ ಒಂದು ಪುಟ್ಟ ಡಬ್ಬಿ. ಅದರಿಂದ ರಕ್ತನಾಳದ ಮೂಲಕ ಹೃದಯದೊಳಕ್ಕೆ ಇಳಿದ ಒಂದೋ ಎರಡೋ ತಂತಿಗಳು. ತಂತಿಯಿಲ್ಲದೆ ಹೃದಯದೊಳಗೇ ಕೂರುವ ಗುಳಿಗೆಯಂಥ ಪೇಸ್‌ಮೇಕರ್‌ಗಳೂ ಈಗ ಬಂದಿವೆ.

ಬ್ಯಾಂಕಿನ ಖಾತೆಯಲ್ಲಿ ಕನಿಷ್ಠ ಶಿಲ್ಕು ಎಂಬುದೊಂದುಂಟಷ್ಟೆ. ಶಿಲ್ಕು ಅದಕ್ಕಿಂತ ಮೇಲಿರುವವರೆಗೆ ಯಾರೂ ಪ್ರಶ್ನಿಸುವುದಿಲ್ಲ. ಇಳಿಯಿತೆಂದರೆ ನೋಟೀಸು ಬರುತ್ತದೆ. ಪೇಸ್‌ಮೇಕರಿನ ಕ್ರಮವೂ ಹೆಚ್ಚುಕಡಿಮೆ ಹೀಗೆಯೇ. ಕನಿಷ್ಠ ವೇಗ 60 ಎಂದು ನಿಗದಿಯಾಗಿದ್ದರೆ ಯಂತ್ರ ಪ್ರತಿ ಬಡಿತದ ನಂತರ ಒಂದು ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಹೃದಯ ತಾನಾಗಿ ಬಡಿದರೆ ಸುಮ್ಮನಿರುತ್ತದೆ. ಬಡಿಯದಿದ್ದರೆ ಮಾತ್ರ ಸಾವಿರದ ಒಂದು ಪಾಲು ಸೆಕೆಂಡಿಗಿಂತ ಕಡಿಮೆ ಕಾಲದ ಒಂದು ಸೂಕ್ಷ್ಮ ಪ್ರಚೋದನೆಯನ್ನು ಕೊಡುತ್ತದೆ. ಅದು ‘ಶಾಕ್’ ಅಲ್ಲ. ಶಾಕ್ ಕೊಡುವ ಐ.ಸಿ.ಡಿ. ಎಂಬ ಯಂತ್ರವೇ ಬೇರೆ, ಅದನ್ನು ಬಳಸುವ ಕಾಯಿಲೆಗಳೂ ಬೇರೆ. ಇವೆರಡನ್ನು ಕಲಸಿಕೊಂಡು, ಎದೆಯಲ್ಲಿ ಯಾವ ಗಳಿಗೆಯಲ್ಲಿ ಒದೆ ಬೀಳುವುದೋ ಎಂದು ಉಸಿರು ಬಿಗಿಹಿಡಿದು ಕೂರುವವರು ಇದ್ದಾರೆ.

ಇನ್ನು ವಿಚಿತ್ರ ಅನುಭವಗಳ ವಿಷಯ. ನಾಡಿ 36ರಲ್ಲಿ ನಡೆಯುತ್ತಿದ್ದ ದೇಹಕ್ಕೆ ಏಕಾಏಕಿ 60, 70 ಎಂದರೆ ಓಡಿದಂತೆ ಭಾಸವಾಗುವುದು ಸಹಜ. ದಿಂಬಿಗೆ ಕಿವಿಯಿಟ್ಟು ಮಲಗಿದಾಗ ಪ್ರತಿಯೊಂದು ಬಡಿತವೂ ಬಾಗಿಲು ತಟ್ಟಿದಂತೆ ಕೇಳಿಸುತ್ತದೆ. ಗಾಯ ಮಾಯುವಾಗ ತುರಿಕೆ, ಜುಮ್ಮೆನ್ನುವಿಕೆ, ಚರ್ಮ ಎಳೆದಂತಾಗುವುದು ಉಂಟು. ತೆಳ್ಳಗಿನ ಮೈಯವರಲ್ಲಿ ಡಬ್ಬಿಯ ಅಂಚು ಬೆರಳಿಗೆ ಸಿಗುತ್ತದೆ, ಮಗ್ಗುಲು ತಿರುಗಿದಾಗ ತುಸು ಸರಿದಂತಾಗುತ್ತದೆ. ಜನಿವಾರ, ರವಿಕೆಯ ಅಂಚು, ಕಾರಿನ ಸೀಟ್ ಬೆಲ್ಟ್ ಇವು ಗಾಯದ ಮೇಲೆ ಉಜ್ಜದಂತೆ ಕೆಲವು ವಾರ ಮೆತ್ತನೆಯ ಬಟ್ಟೆಯ ಮಡಿಕೆಯನ್ನು ನಡುವೆ ಇಟ್ಟುಕೊಳ್ಳಬಹುದು.

ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ‘ಬಡಿತ ತಪ್ಪಿತು’ ಎಂಬ ಅನುಭವ. ಹೃದಯದಲ್ಲಿ ಕೆಲವೊಮ್ಮೆ ಹೊತ್ತಿಗೆ ಮುಂಚೆ ಒಂದು ಅಧಿಕ ಬಡಿತ ಹುಟ್ಟುತ್ತದೆ. ಅದರ ಹಿಂದೆಯೇ ಒಂದು ಸಣ್ಣ ವಿರಾಮ. ಅನಂತರದ ಬಡಿತ ಜೋರಾಗಿ ಗುದ್ದಿದಂತೆ ಬರುತ್ತದೆ. ಆರೋಗ್ಯವಂತರಲ್ಲಿಯೂ ಇದು ಉಂಟು. ಪೇಸ್‌ಮೇಕರ್ ಇದನ್ನು ತಡೆಯುವುದಿಲ್ಲ, ತಡೆಯಲೆಂದು ಅದನ್ನು ಇಟ್ಟಿಲ್ಲ. ಇಲ್ಲಿ ಇನ್ನೊಂದು ತೊಡಕೂ ಇದೆ. ಈ ಅಕಾಲಿಕ ಬಡಿತ ದುರ್ಬಲವಾದುದರಿಂದ ಮಣಿಕಟ್ಟಿನವರೆಗೆ ತಲಪದೇ ಹೋಗಬಹುದು. ಆಗ ಬೆರಳಿನ ಎಣಿಕೆಗೂ ಮನೆಯ ಬಿ.ಪಿ. ಯಂತ್ರಕ್ಕೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿಗೂ ನಾಡಿ 60ಕ್ಕಿಂತ ಬಹಳ ಕಡಿಮೆ ಕಾಣುತ್ತದೆ. ‘ಯಂತ್ರ ಕೆಟ್ಟಿತು’ ಎಂದು ಮನೆಮಂದಿಯೆಲ್ಲ ಗಾಬರಿಗೊಳ್ಳುತ್ತಾರೆ. ಇ.ಸಿ.ಜಿ. ತೆಗೆದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಅಲ್ಲದೆ ಕೆಲವು ಯಂತ್ರಗಳಲ್ಲಿ ನಿದ್ರೆಯ ಹೊತ್ತಿಗೆಂದು ಕನಿಷ್ಠ ವೇಗವನ್ನು 50ಕ್ಕೆ ಇಳಿಸಿರುತ್ತಾರೆ. ಮತ್ತೆ ಕೆಲವು, ಎಷ್ಟು ವಿದ್ಯುತ್ತು ಸಾಕಾಗುವುದೆಂದು ರಾತ್ರಿಯ ಹೊತ್ತು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಆ ಕೆಲವು ಕ್ಷಣ ಎದೆಯಲ್ಲಿ ಏನೋ ವ್ಯತ್ಯಾಸವಾದಂತೆ ಸೂಕ್ಷ್ಮಪ್ರಕೃತಿಯವರಿಗೆ ತಿಳಿಯುತ್ತದೆ. ನಿತ್ಯವೂ ಹೆಚ್ಚುಕಡಿಮೆ ಅದೇ ವೇಳೆಗೆ ಎಚ್ಚರವಾಗುತ್ತಿದ್ದರೆ ವೈದ್ಯರಲ್ಲಿ ಇದನ್ನೇ ನೇರವಾಗಿ ಕೇಳಬೇಕು. ಕೇಳದೆ ಮೂರು ತಿಂಗಳು ನಿದ್ರೆಗೆಡುವುದಕ್ಕಿಂತ ಕೇಳಿ ಮೂರು ನಿಮಿಷದಲ್ಲಿ ತಿಳಿಯುವುದು ಲೇಸು.

ಆಟೋರಿಕ್ಷಾದ ಅನುಭವವೂ ಸ್ವಾರಸ್ಯವಾದುದು. ನಡೆದಾಗ, ಮೆಟ್ಟಿಲೇರಿದಾಗ ಬಡಿತ ಹೆಚ್ಚಬೇಕೆಂದು ಅನೇಕ ಯಂತ್ರಗಳೊಳಗೆ ಮೈಯ ಚಲನೆಯನ್ನು ಗುರುತಿಸುವ ಒಂದು ಸೂಕ್ಷ್ಮ ಭಾಗವನ್ನು ಇಟ್ಟಿರುತ್ತಾರೆ. ಕಿತ್ತುಹೋದ ರಸ್ತೆಯಲ್ಲಿ ಆಟೋ ಕುಲುಕಿದರೆ, ಯಜಮಾನರು ನಡೆಯುತ್ತಿದ್ದಾರೆಂದೇ ಯಂತ್ರ ತಿಳಿಯುತ್ತದೆ. ಕುಳಿತಲ್ಲಿಯೇ ಎದೆ ಬಡಿದುಕೊಳ್ಳುತ್ತದೆ. ತೊಂದರೆಯೆನಿಸಿದರೆ ಆ ಗ್ರಹಣಶಕ್ತಿಯನ್ನು ತಗ್ಗಿಸಬಹುದು. ಇದಕ್ಕಾಗಿ ಮತ್ತೆ ಚರ್ಮ ಕೊಯ್ಯಬೇಕಾಗಿಲ್ಲ. ಎದೆಯ ಮೇಲೆ ಒಂದು ಉಪಕರಣವನ್ನಿಟ್ಟು ಹೊರಗಿನಿಂದಲೇ ಯಂತ್ರಕ್ಕೆ ಆದೇಶ ಕೊಡುತ್ತಾರೆ.

ಕೆಲವು ಲಕ್ಷಣಗಳನ್ನು ಮಾತ್ರ ಮನಸ್ಸಿನ ಭ್ರಮೆಯೆಂದು ತಳ್ಳಿಹಾಕಕೂಡದು. ಬಿಡದೆ ಬಿಕ್ಕಳಿಕೆ ಬರುವುದು, ಹೊಟ್ಟೆಯ ಮೇಲ್ಭಾಗವೋ ಎದೆಯ ಸ್ನಾಯುವೋ ಬಡಿತಕ್ಕೆ ಸರಿಯಾಗಿ ಅದುರುವುದು, ಇವು ವಿದ್ಯುತ್ ಪ್ರಚೋದನೆ ಪಕ್ಕದ ನರವನ್ನೋ ಸ್ನಾಯುವನ್ನೋ ಮುಟ್ಟುತ್ತಿರುವುದರ ಅಥವಾ ತಂತಿ ಸರಿದಿರುವುದರ ಸೂಚನೆಯಾಗಬಹುದು. ಒಂದೇ ತಂತಿಯ ಯಂತ್ರವುಳ್ಳ ಕೆಲವರಲ್ಲಿ ಹೃತ್ಕರ್ಣ, ಹೃತ್ಕುಕ್ಷಿಗಳ ತಾಳ ತಪ್ಪಿ ಕೊರಳಿನಲ್ಲಿ ಬಡಿತ, ಆಯಾಸ, ಏದುಸಿರು ಕಾಣಿಸುವುದುಂಟು, ಇದಕ್ಕೂ ಪರಿಹಾರವಿದೆ. ಗಾಯ ಕೆಂಪಾಗಿ ಊದಿದರೆ, ಬಿಸಿಯಾದರೆ, ಕೀವು ಒಸರಿದರೆ, ಜ್ವರ ಬಂದರೆ, ತೋಳು ಬಾತುಕೊಂಡರೆ, ಹಿಂದಿನಂತೆ ತಲೆ ತಿರುಗಿದರೆ, ಮೂರ್ಛೆ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಎದೆನೋವಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ. ಪೇಸ್‌ಮೇಕರ್ ಇದ್ದವರಿಗೆ ಹೃದಯಾಘಾತವಾಗದು ಎಂಬುದು ಸುಳ್ಳು. ರಕ್ತನಾಳ ಕಟ್ಟಿಕೊಳ್ಳುವುದಕ್ಕೂ ಈ ಯಂತ್ರಕ್ಕೂ ಸಂಬಂಧವಿಲ್ಲ.

ಅಂಜಿಕೆ ಮತ್ತು ಬಡಿತಗಳ ನಡುವಿನ ನಂಟನ್ನು ಇಲ್ಲಿ ಹೇಳಲೇಬೇಕು. ಹೆದರಿದಾಗ ದೇಹದಲ್ಲಿ ಅಡ್ರಿನಾಲಿನ್ ಸ್ರವಿಸಿ ಹೃದಯ ತನ್ನ ಸ್ವಂತ ಶಕ್ತಿಯಿಂದಲೇ ವೇಗವಾಗಿ ಬಡಿಯುತ್ತದೆ. ಪೇಸ್‌ಮೇಕರ್ ವೇಗ ಕುಗ್ಗದಂತೆ ನೋಡಿಕೊಳ್ಳುವುದೇ ಹೊರತು ಹೆಚ್ಚದಂತೆ ಹಿಡಿಯಲಾರದು. ನಾಡಿ ಹಿಡಿದು ನೋಡಿದರೆ 100, ಅದನ್ನು ಕಂಡು ಮತ್ತಷ್ಟು ಭಯ, ಭಯದಿಂದ 110. ಹೀಗೆ ಎಣಿಸುವ ಚಟವೇ ಕಾಯಿಲೆಯಾಗುತ್ತದೆ. ವೈದ್ಯರು ನಾಡಿ ನೋಡಿಕೊಳ್ಳಲು ಹೇಳಿದ್ದರೆ ಬೆಳಿಗ್ಗೆ ಒಮ್ಮೆ, ಕುಳಿತು, ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಟ್ಟರೆ ಸಾಕು. ನಿಧಾನವಾಗಿ ಉಸಿರು ಬಿಡುವ ಅಭ್ಯಾಸ, ವೈದ್ಯರ ಅನುಮತಿಯಿಂದ ಫುಟಾಳಾ ಕೆರೆಯ ದಂಡೆಯಲ್ಲಿಯೋ ಅಂಬಾಝರಿಯ ಕಡೆಯೋ ಸಂಜೆಯ ನಡಿಗೆ, ಇವು ಉಪಕಾರಿ. ಇಷ್ಟಾದರೂ ನಿದ್ರೆ ಬಾರದೆ, ಊಟ ಸೇರದೆ, ಮನೆಯಿಂದ ಹೊರಗೆ ಕಾಲಿಡಲು ಹೆದರಿಕೆಯಾಗುವಂತಿದ್ದರೆ ಮನೋವೈದ್ಯರನ್ನು ಕಾಣುವುದರಲ್ಲಿ ನಾಚಿಕೆಯೇನೂ ಇಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಗೆ ಶುಲ್ಕವಿಲ್ಲದೆ ದೂರವಾಣಿ ಮಾಡಬಹುದು.

ಧೈರ್ಯಗೆಟ್ಟವರು ಆರ್ನೆ ಲಾರ್ಸನ್ ಎಂಬ ಸ್ವೀಡನ್ನಿನ ಗೃಹಸ್ಥನ ವೃತ್ತಾಂತವನ್ನು ಕೇಳಬೇಕು. 43 ವರ್ಷದ ಆತ ದಿನಕ್ಕೆ ಹಲವಾರು ಸಲ ಮೂರ್ಛೆಹೋಗುತ್ತಿದ್ದ. ಮನುಷ್ಯನ ಮೈಯೊಳಗೆ ಇಡಬಹುದಾದ ಯಂತ್ರ ಆಗ ಇನ್ನೂ ಸಿದ್ಧವಾಗಿರಲಿಲ್ಲ. ಆತನ ಪತ್ನಿ ಎಲ್ಸ್‌ಮರೀ ಶಸ್ತ್ರವೈದ್ಯ ಓಕೆ ಸೆನಿಂಗ್ ಮತ್ತು ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನುಬಿಡದೆ, ಮಾಡಿಕೊಡಲೇಬೇಕೆಂದು ಹಟ ಹಿಡಿದಳು. 1958ರ ಅಕ್ಟೋಬರ್ 8ರಂದು ಶಸ್ತ್ರಕ್ರಿಯೆ ನಡೆಯಿತು. ಜಗತ್ತಿನಲ್ಲಿ ಪೂರ್ತಿಯಾಗಿ ಮೈಯೊಳಗೆ ಇಟ್ಟ ಮೊದಲನೆಯ ಪೇಸ್‌ಮೇಕರ್ ಅದು. ಕೆಲವೇ ಗಂಟೆಗಳಲ್ಲಿ ಕೆಟ್ಟುಹೋಯಿತು! ಎರಡನೆಯದನ್ನು ಹಾಕಿದರು. ಹೀಗೆ ಜೀವಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಮೈಯೊಳಗೆ ಹೊತ್ತ ಲಾರ್ಸನ್ 2001ರಲ್ಲಿ, 86ನೆಯ ವಯಸ್ಸಿನಲ್ಲಿ, ಹೃದಯಕ್ಕೆ ಸಂಬಂಧಪಡದ ಬೇರೊಂದು ಕಾಯಿಲೆಯಿಂದ ತೀರಿಕೊಂಡ. ಅಷ್ಟರಲ್ಲಿ ಅವನ ವೈದ್ಯರೂ ಇಂಜಿನಿಯರೂ ಇಬ್ಬರೂ ಕಾಲವಾಗಿದ್ದರು.

ಆ ಕಾಲದ ಬ್ಯಾಟರಿಗೂ ಇಂದಿನ ಲಿಥಿಯಂ ಬ್ಯಾಟರಿಗೂ ಹೋಲಿಕೆಯಿಲ್ಲ. ಇಂದಿನವು ಬಳಕೆಯನ್ನನುಸರಿಸಿ ಸುಮಾರು ಎಂಟರಿಂದ ಹನ್ನೆರಡು ವರ್ಷ ಬಾಳುತ್ತವೆ. ಟಾರ್ಚಿನಂತೆ ಇದ್ದಕ್ಕಿದ್ದಂತೆ ಆರಿಹೋಗುವ ಜಾತಿಯಲ್ಲ. ಬದಲಿಸುವ ಕಾಲ ಬಂದಿತೆಂಬ ಸೂಚನೆಯನ್ನು ಕೆಲವು ತಿಂಗಳು ಮುಂಚಿತವಾಗಿಯೇ ಕೊಡುತ್ತವೆ. ಆ ಸೂಚನೆಯನ್ನು ಓದುವುದಕ್ಕಾಗಿಯೇ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತಪಾಸಣೆ. ಬದಲಿಸುವಾಗ ತಂತಿಗಳು ಸರಿಯಾಗಿದ್ದರೆ ಅವನ್ನು ಹಾಗೆಯೇ ಬಿಟ್ಟು ಡಬ್ಬಿಯನ್ನಷ್ಟೇ ಹೊಸದಾಗಿ ಇಡುತ್ತಾರೆ.

ನಾಗಪುರದ ಬದುಕಿಗೆ ಸಂಬಂಧಿಸಿದ ಕೆಲವು ಮಾತುಗಳು. ಮೊದಲ ನಾಲ್ಕಾರು ವಾರ ಆ ಕಡೆಯ ಮೊಣಕೈ ಭುಜಕ್ಕಿಂತ ಮೇಲೆ ಏಳಕೂಡದು. ಸಂಕ್ರಾಂತಿಯ ಸಮಯದಲ್ಲಿ ಮೊಮ್ಮಕ್ಕಳ ಜೊತೆ ತಾರಸಿಯೇರಿ ಗಾಳಿಪಟದ ದಾರ ಜಗ್ಗುವ ಆಸೆಯಾದರೆ ಆ ವರ್ಷಕ್ಕೆ ಬಿಡಬೇಕು. ಹಾಗೆಂದು ಕೈಯನ್ನು ಮೈಗೆ ಕಟ್ಟಿಕೊಂಡವರಂತೆ ಇದ್ದುಬಿಟ್ಟರೆ ಭುಜ ಬಿಗಿದುಹೋಗುತ್ತದೆ. ಆ ನೋವನ್ನೂ ಜನ ಯಂತ್ರದ ತಲೆಗೇ ಕಟ್ಟುತ್ತಾರೆ. ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ಮೀರಿದಾಗ ಬೆವರಿ ನೀರಿನಂಶ ತಗ್ಗಿ ತಲೆ ಸುತ್ತುವುದು ಎಲ್ಲರಿಗೂ ಉಂಟು. ಎಷ್ಟು ನೀರು, ಮಜ್ಜಿಗೆ ಕುಡಿಯಬಹುದೆಂದು ವೈದ್ಯರಿಂದ ತಿಳಿದಿರುವುದು ಒಳ್ಳೆಯದು. ಇನ್ನು ಕೂಲರ್. ಮನೆಮನೆಯ ಕಿಟಕಿಯಲ್ಲಿ ಕುಳಿತಿರುವ ಈ ತಗಡಿನ ಪೆಟ್ಟಿಗೆಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಅದು ಎಲ್ಲರಿಗೂ ಅಪಾಯಕಾರಿ. ಸೋರುವ ವಿದ್ಯುತ್ತನ್ನು ಪೇಸ್‌ಮೇಕರ್ ಹೃದಯದ ಬಡಿತವೆಂದು ತಪ್ಪು ತಿಳಿಯುವ ಸಂಭವವೂ ಇದೆ. ನೀರು ತುಂಬುವಾಗ ಸ್ವಿಚ್ ಆರಿಸಿ ಪ್ಲಗ್ ತೆಗೆಯುವುದು ಕಡ್ಡಾಯ. ಮಿಕ್ಸರ್, ಟಿ.ವಿ., ಮೈಕ್ರೋವೇವ್‌ಗಳಿಂದ ಭಯವಿಲ್ಲ. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ನಿಲ್ಲಬೇಕು. ಮೊಬೈಲನ್ನು ಎಡಜೇಬಿನಲ್ಲಿ ಇಡದೆ, ಯಂತ್ರದಿಂದ 15 ಸೆಂಟಿಮೀಟರ್ ದೂರವಿರಿಸಿ, ಬಲಗಿವಿಗೆ ಹಿಡಿಯಬೇಕು. ‘ಆಯಸ್ಕಾಂತ ಚಿಕಿತ್ಸೆ’ಯ ಹಾಸಿಗೆ, ಕಡಗಗಳು ಬೇಡವೇ ಬೇಡ. ಮೆಟ್ರೋ ನಿಲ್ದಾಣದ ಲೋಹಶೋಧಕ ಚೌಕಟ್ಟನ್ನು ನಿಲ್ಲದೆ ದಾಟಬಹುದು. ಕೈಯಲ್ಲಿ ಹಿಡಿಯುವ ಶೋಧಕವನ್ನು ಎದೆಯ ಮೇಲೆ ಆಡಿಸದಂತೆ ಗುರುತಿನ ಚೀಟಿ ತೋರಿಸಿ ಕೇಳಿಕೊಳ್ಳಬೇಕು.

ಆ ಚೀಟಿಯನ್ನು ಕಪಾಟಿನಲ್ಲಿ ಬೀಗ ಹಾಕಿ ಇಡುವವರೇ ಹೆಚ್ಚು. ಅದು ಸದಾ ಜೇಬಿನಲ್ಲಿರಬೇಕು. ಎಂ.ಆರ್.ಐ. ತೆಗೆಸಬೇಕಾದಾಗ ಅದಕ್ಕೆ ತಕ್ಕ ಯಂತ್ರವೇ ಅಲ್ಲವೇ ಎಂಬುದು ಅದರಿಂದಲೇ ತಿಳಿಯುವುದು. ಒಂದು ಕಂಪನಿಯ ಯಂತ್ರವನ್ನು ಇನ್ನೊಂದು ಕಂಪನಿಯ ಉಪಕರಣ ಓದಲಾರದು. ಬೇಸಿಗೆಯಲ್ಲಿ ಮಗನ ಮನೆಗೆಂದು ಬೆಂಗಳೂರಿಗೋ ಧಾರವಾಡಕ್ಕೋ ಎರಡು ಮೂರು ತಿಂಗಳು ಹೋಗುವವರು ಅಲ್ಲಿ ಯಾವ ಆಸ್ಪತ್ರೆಯಲ್ಲಿ ಆ ಕಂಪನಿಯ ಉಪಕರಣ ಸಿಗುವುದೆಂದು ಹೊರಡುವ ಮುನ್ನವೇ ವಿಚಾರಿಸಿಟ್ಟುಕೊಳ್ಳಬೇಕು. ಮನೆಯ ಹಿರಿಯ ಮಕ್ಕಳಿಗೆ ಇನ್ನೊಂದು ವಿಷಯವೂ ಗೊತ್ತಿರಲಿ: ದೇಹಾಂತ್ಯದ ನಂತರ ದಹನಕ್ಕೆ ಮುಂಚೆ ಯಂತ್ರವನ್ನು ತೆಗೆಸಬೇಕಾಗುತ್ತದೆ, ಏಕೆಂದರೆ ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ. ಅಪ್ರಿಯವಾದರೂ ಒಮ್ಮೆ ಆಡಿ ಮುಗಿಸಬೇಕಾದ ಮಾತು ಇದು.

ಧರಂಪೇಠದ ನಮ್ಮ ಯಜಮಾನರು ಮುಂದಿನ ತಪಾಸಣೆಗೆ ಹೋಗುವಾಗ ಒಂದು ಚಿಕ್ಕ ಪುಸ್ತಕವನ್ನು ಕೊಂಡೊಯ್ಯಲಿ. ಯಾವ ದಿನ, ಎಷ್ಟು ಗಂಟೆಗೆ, ಏನು ಮಾಡುತ್ತಿದ್ದಾಗ, ಏನು ಅನಿಸಿತು, ಎಷ್ಟು ಹೊತ್ತು ಇತ್ತು, ಇಷ್ಟನ್ನು ಅದರಲ್ಲಿ ಬರೆದಿರಲಿ. ಯಂತ್ರದೊಳಗೂ ಒಂದು ಪಾಸ್‌ಬುಕ್ ಇದೆ. ಅಸಹಜವಾದ ಬಡಿತಗಳನ್ನು ದಿನಾಂಕ, ವೇಳೆ ಸಮೇತ ಅದು ದಾಖಲಿಸುತ್ತದೆ. ತಜ್ಞರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುತ್ತಾರೆ. ಪತ್ನಿಯೂ ಜೊತೆಗೆ ಹೋಗುವುದು ಉಚಿತ. ಯಜಮಾನರು ಹೇಳದೆ ಬಿಟ್ಟ ರಾತ್ರಿಗಳ ಲೆಕ್ಕ ಆಕೆಯ ಬಳಿ ಇರುತ್ತದೆ.