ಕಲ್ಲಚ್ಚಿಗೆ ಇಳಿದ ದೆಗಾ

ಇಂಪ್ರೆಷನಿಸ್ಟ್ ಕಲಾವಿದರು ಬದುಕಿದ್ದಾಗಲೇ ಅವರ ಚಿತ್ರಗಳನ್ನು ಬೇರೊಬ್ಬರು ಕಲ್ಲಿನ ಮೇಲೆ ಬಿಡಿಸಿ ಅಚ್ಚುಹಾಕಿದ ಹಾಳೆಗಳು ಈಗಲೂ ಹಳೆಯ ಚಿತ್ರಗಳ ಅಂಗಡಿಗಳಲ್ಲಿ, ಹರಾಜುಗಳಲ್ಲಿ ಸಿಗುತ್ತವೆ. ಇವನ್ನು ಸಂಗ್ರಹಿಸುವವರ ಬಗ್ಗೆ ಒಂದು ತಾತ್ಸಾರವೂ ಇದೆ: ಮೂಲವನ್ನು ಕೊಳ್ಳಲಾಗದವರು ನಕಲಿನಲ್ಲಿ ಸಮಾಧಾನಪಡುತ್ತಾರೆ ಎಂದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಕಲ್ಲಚ್ಚಿನ ಹಾಳೆಯಲ್ಲಿ ಎರಡು ಕೈಗಳ ಕೆಲಸವಿರುತ್ತದೆ. ಆ ಎರಡನೆಯ ಕೈಯನ್ನು ಗುರುತಿಸಿ ಗೌರವಿಸುವವರಿಗೆ ಅದು ಸ್ವತಂತ್ರ ಕೃತಿಯೇ.

ಈ ವಿದ್ಯೆಯನ್ನು 1790ರ ದಶಕದ ಕೊನೆಯಲ್ಲಿ ಕಂಡುಹಿಡಿದವನು ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಗೆರೆ ಇಲ್ಲದ ಕಡೆ ನೀರು ನಿಲ್ಲುತ್ತದೆ. ಮೇಲೆ ಉರುಳಿಸಿದ ಎಣ್ಣೆಶಾಯಿ ಜಿಡ್ಡಿಗಷ್ಟೇ ಅಂಟುತ್ತದೆ. ಕೆತ್ತನೆಯ ಅಚ್ಚಿನಂತೆ ಇಲ್ಲಿ ಉಳಿ ಬೇಕಿಲ್ಲ. ಕೈಯ ಒತ್ತಡ, ನಡುಕ, ಅರ್ಧಕ್ಕೆ ಬಿಟ್ಟ ಗೆರೆ ಎಲ್ಲವೂ ಕಲ್ಲಿನಿಂದ ಕಾಗದಕ್ಕೆ ಬರುತ್ತವೆ. ಇದ್ದಿಲು, ಪ್ಯಾಸ್ಟೆಲ್‌ಗಳ ತರಿತರಿಯಾದ ಮೈಯನ್ನು ಹಿಡಿಯಲು ಇದಕ್ಕಿಂತ ಹತ್ತಿರದ ಅಚ್ಚಿನ ವಿಧಾನ ಆ ಕಾಲದಲ್ಲಿ ವಿರಳ. ಇಂಪ್ರೆಷನಿಸ್ಟ್ ಚಿತ್ರಕಾರ ಎಡ್ಗಾರ್ ದೆಗಾ ತಾನೇ ಕಲ್ಲಚ್ಚುಗಳನ್ನು, ಅಂದರೆ ಲಿಥೋಗ್ರಾಫ್‌ಗಳನ್ನು ಮಾಡಿದ್ದ. ಪತ್ರಿಕೆಗಳಿಗಾಗಿ ವ್ಯಂಗ್ಯಚಿತ್ರಕಾರ ದೊಮಿಯೆ ಬರೆದ ಲಿಥೋಗ್ರಾಫ್‌ಗಳನ್ನು ಸಾವಿರಕ್ಕೂ ಮಿಕ್ಕಿ ಕೂಡಿಹಾಕಿದ್ದ. ಅಚ್ಚಾದ ಹಾಳೆ ಅವನ ಕಣ್ಣಿಗೆ ಕೀಳಾಗಿ ಕಂಡಿರಲಿಲ್ಲ.

ನನ್ನ ವಾದಕ್ಕೆ ಗಟ್ಟಿ ಆಧಾರ ಒದಗಿಸುವುದು ಅದೇ ದೆಗಾನ ಹದಿನೈದು ಚಿತ್ರಗಳ ಒಂದು ಸಂಪುಟ. ಜಾರ್ಜ್ ವಿಲಿಯಂ ಥಾರ್ನ್ಲಿ ಎಂಬ ಫ್ರೆಂಚ್ ಚಿತ್ರಕಾರ ಅವನ್ನು ಕಲ್ಲಿಗಿಳಿಸಿದ. ಪ್ಯಾರಿಸ್ಸಿನ ಬುಸ್ಸೊ, ವಲಾಡೊ ಸಂಸ್ಥೆ 1889ರ ಸುಮಾರಿಗೆ 100 ಪ್ರತಿಗಳಲ್ಲಿ ಅದನ್ನು ಹೊರತಂದಿತು. ಕೆಲಸ ನಡೆಯುತ್ತಿದ್ದಾಗ 1888ರಲ್ಲಿ ದೆಗಾ ಥಾರ್ನ್ಲಿಗೆ ಬರೆದ ಪತ್ರವೊಂದರಲ್ಲಿ ಅವಸರಪಟ್ಟಿದ್ದಕ್ಕೆ ಆಕ್ಷೇಪವಿದೆ. ತನ್ನ ಹೆಸರು ಹಾಕಿ ಮಾರುವ ನಕಲು ಹೇಗಾದರೂ ಇರಲಿ ಎನ್ನುವವನು ಇಂಥ ಪತ್ರ ಬರೆಯುವುದಿಲ್ಲ. ಕೆಲವು ಪ್ರತಿಗಳ ಮೇಲೆ ಇಬ್ಬರ ಸಹಿಯೂ ಇದೆ. ಮೂಲ ಬಣ್ಣದ ಚಿತ್ರವಾಗಿದ್ದರೂ ಥಾರ್ನ್ಲಿ ಒಂದೊಂದು ಹಾಳೆಯನ್ನು ಒಂದೊಂದೇ ಶಾಯಿಯಲ್ಲಿ, ಕೆಲವನ್ನು ಕೆಮ್ಮಣ್ಣಿನ ಛಾಯೆಯಲ್ಲಿ, ಕೆಲವನ್ನು ಹಸಿರಿನಲ್ಲಿ ಅಚ್ಚುಮಾಡಿಸಿದ. ನಕಲು ಮಾಡುವವನಿಗೆ ಈ ಆಯ್ಕೆ ಬೇಕಾಗಿರಲಿಲ್ಲ. ಚಿತ್ರವನ್ನು ಓದಿ ಅರ್ಥ ಹೇಳುವವನಿಗೆ ಬೇಕಿತ್ತು. ಮುಂದೆ ಥಾರ್ನ್ಲಿ ಇಂಪ್ರೆಷನಿಸ್ಟ್ ಚಿತ್ರಕಾರ ಮೊನೆಯ ಚಿತ್ರಗಳಿಗೂ ಕೈಹಾಕಿದ.

ಎಷ್ಟಾದರೂ ಕಲಾವಿದ ಸ್ವತಃ ಕಲ್ಲಿನ ಮೇಲೆ ಬರೆದದ್ದೇ ಮೂಲ, ಉಳಿದದ್ದು ನಕಲು ಎಂದು ಆಕ್ಷೇಪಿಸಬಹುದು. ಈ ಗೆರೆ ನಾವು ತಿಳಿದಷ್ಟು ಸ್ಪಷ್ಟವಾಗಿಲ್ಲ. 1890ರ ದಶಕದ ಕೊನೆಯಲ್ಲಿ ವೊಲ್ಲಾರ್ ಎಂಬ ವ್ಯಾಪಾರಿಗಾಗಿ ಚಿತ್ರಕಾರ ಸೆಜಾನ್ ‘ಸ್ನಾನ ಮಾಡುವವರು’ ಚಿತ್ರದ ಕಪ್ಪು ಗೆರೆಗಳನ್ನು ಬರೆದುಕೊಟ್ಟು, ಒಂದು ಅಚ್ಚಿಗೆ ಜಲವರ್ಣ ಹಚ್ಚಿ ತೋರಿಸಿದ. ಅದನ್ನು ನೋಡಿಕೊಂಡು ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಸಿದ್ಧಪಡಿಸಿದವನು ಅಚ್ಚುಗಾರ ಓಗ್ಯುಸ್ಟ್ ಕ್ಲೋ. ಇದನ್ನು ಇಂದು ಯಾರೂ ನಕಲೆನ್ನುವುದಿಲ್ಲ. ಹಾಗಿದ್ದ ಮೇಲೆ ಥಾರ್ನ್ಲಿಯ ಹಾಳೆಗೂ ಇದಕ್ಕೂ ಇರುವುದು ಪ್ರಮಾಣದ ಭೇದ, ಜಾತಿಯ ಭೇದವಲ್ಲ. ನಮ್ಮ ಮನೆಗಳ ಗೋಡೆಯಲ್ಲಿದ್ದ ರವಿವರ್ಮನ ಬಣ್ಣದ ಲಕ್ಷ್ಮಿ, ಸರಸ್ವತಿಯರೂ 1894ರಲ್ಲಿ ಮುಂಬೈಯಲ್ಲಿ ಶುರುವಾದ ಮುದ್ರಣಾಲಯದಿಂದ, ಹೆಸರಿಲ್ಲದ ಕಲ್ಲಚ್ಚುಗಾರರ ಕೈಯಿಂದ ಬಂದವರೇ. ಅಲ್ಲಿಯೂ ನಾವು ಒಂದೇ ಹೆಸರನ್ನು ನೆನಪಿಟ್ಟುಕೊಂಡಿದ್ದೇವೆ.

ಇನ್ನೊಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನಕಲಿಗೂ ಬೆಲೆಯಿದೆ ಎಂದರೆ ಮೋಸಗಾರರಿಗೆ ದಾರಿ ಮಾಡಿಕೊಟ್ಟಂತಲ್ಲವೇ? ಮೋಸ ಇರುವುದು ನಿಜ. ಹಳೆಯ ಪುಸ್ತಕದಿಂದ ಕತ್ತರಿಸಿದ ಪುಟಗಳು ಕಟ್ಟು ಹಾಕಿಸಿಕೊಂಡು ಲಿಥೋಗ್ರಾಫ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಆದರೆ ‘ಮೂಲವೋ ನಕಲೋ’ ಎಂಬ ಒಂದೇ ಪ್ರಶ್ನೆ ಕೇಳುವವರೇ ಇಂಥಲ್ಲಿ ಬೇಗ ಬೀಳುವುದು. ಕೇಳಬೇಕಾದ್ದು ಯಾರ ಕೈ, ಯಾವ ವಿಧಾನ, ಯಾವ ಕಾಲ ಎಂದು. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿ ಸಾಕಷ್ಟು ಹೇಳುತ್ತದೆ. ಸಾಲುಸಾಲಾದ ಚುಕ್ಕೆಗಳಿದ್ದರೆ ಅದು ಫೋಟೊ ಆಧಾರದ ಹಾಫ್‌ಟೋನ್ ಮುದ್ರಣ. ಕಡ್ಡಿಯಿಂದ ಬರೆದ ಕಲ್ಲಚ್ಚಿನಲ್ಲಿ ಕಾಳುಗಳು ಕ್ರಮವಿಲ್ಲದೆ ಚದುರಿರುತ್ತವೆ. ಲೋಹದ ತಗಡಿನಿಂದ ತೆಗೆದ ಫೋಟೊಗ್ರಾವ್ಯೂರ್ ಆದರೆ ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಸಾಮಾನ್ಯವಾಗಿ ಇರುತ್ತದೆ, ಅಂಚು ಕತ್ತರಿಸಿರದಿದ್ದರೆ. ದೆಗಾನದೇ ಇಪ್ಪತ್ತು ರೇಖಾಚಿತ್ರಗಳನ್ನು ಪ್ರಕಾಶಕ ಮಿಶೆಲ್ ಮಾಂಜಿ 1890ರ ದಶಕದ ಕೊನೆಯಲ್ಲಿ ಹೊರತಂದದ್ದು ಈ ಬಗೆಯಲ್ಲಿ. ಅದು ಸುಂದರವಾದ ಕೆಲಸ. ಲಿಥೋಗ್ರಾಫ್ ಎಂದು ಮಾರಿದರೆ ಮಾತ್ರ ಸುಳ್ಳು.

ಸಂಗ್ರಹಕಾರರು ಇನ್ನೂ ಒಂದು ಹೊಣೆಯನ್ನು ಹೊರಬೇಕು. ಸಂಪುಟಗಳನ್ನು ಬಿಡಿಸಿ ಹಾಳೆಹಾಳೆಯಾಗಿ ಮಾರುವುದರಿಂದ ವ್ಯಾಪಾರಿಗೆ ಹೆಚ್ಚು ಹಣ ಬರುತ್ತದೆ. ಹಾಗೆ ಬಿಡಿಯಾದ ಹಾಳೆಯಿಂದ ಮೊದಲು ಕಳಚಿಹೋಗುವುದು ಥಾರ್ನ್ಲಿಯ ಹೆಸರು, ಆಮೇಲೆ ವರ್ಷ, ಕೊನೆಗೆ ಉಳಿಯುವುದು ದೆಗಾ ಮಾತ್ರ. ಆದ್ದರಿಂದ ಬಿಡಿ ಹಾಳೆ ಕೊಂಡವರು ಅದು ಯಾವ ಸಂಪುಟದ್ದು, ಯಾರ ಕೈಯಿಂದ ಕಲ್ಲಿಗಿಳಿದದ್ದು ಎಂಬುದನ್ನು ಆಮ್ಲರಹಿತ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟು, ಮಾರುವಾಗಲೂ ಜೊತೆಗೇ ಕೊಡಬೇಕು.