ಸ್ವಂತ ವಿಮಾನ: ಹಾರುವ ಮುನ್ನ

ಸ್ವಂತ ವಿಮಾನ ಎಂದೊಡನೆ ನಮ್ಮ ಕಣ್ಮುಂದೆ ಬರುವವರು ಕೋಟ್ಯಧೀಶರು, ಸಿನಿಮಾ ತಾರೆಯರು, ಚುನಾವಣಾ ಪ್ರಚಾರಕ್ಕೆ ಹೊರಟ ರಾಜಕಾರಣಿಗಳು. ಆದರೆ ಜಗತ್ತಿನಲ್ಲಿರುವ ಖಾಸಗಿ ವಿಮಾನಗಳಲ್ಲಿ ಬಹುಪಾಲು ಇಂಥವರ ಜೆಟ್ ವಿಮಾನಗಳಲ್ಲ. ಮೂತಿಗೊಂದು ಪ್ರೊಪೆಲ್ಲರ್, ಒಳಗೆ ಎರಡೋ ನಾಲ್ಕೋ ಆಸನ, ಪೆಟ್ರೋಲಿನ ಜಾತಿಯದೇ ಆದ ಇಂಧನದಿಂದ ಓಡುವ ಒಂದು ಎಂಜಿನ್ - ಇಷ್ಟೇ ಅವುಗಳ ವೈಭವ. ಅಮೆರಿಕದ ಸಣ್ಣ ಸಣ್ಣ ಊರುಗಳಲ್ಲೂ ಇಂಥ ವಿಮಾನಗಳಿಗೆಂದೇ ಪುಟ್ಟ ಏರೋಡ್ರೋಮುಗಳಿವೆ. ಅಲ್ಲಿ ಇವುಗಳ ಒಡೆಯರು ರೈತರೂ ಹೌದು, ವೈದ್ಯರೂ ಹೌದು, ನಿವೃತ್ತ ನೌಕರರೂ ಹೌದು.

ವಿಮಾನ ಸ್ವಂತದ್ದಾದರೆ ಬೇಕೆಂದಾಗ ಹಾರಬಹುದಲ್ಲ ಎಂದು ವಿದ್ಯಾರ್ಥಿಗಳಿಗೆ ಅನ್ನಿಸುವುದು ಸಹಜ. ಒಡೆಯರನ್ನು ಕೇಳಿದರೆ ಉತ್ತರ ಬೇರೆಯೇ ಆಗಿರುತ್ತದೆ. ಕೊಳ್ಳುವುದು ಒಂದು ದಿನದ ಕೆಲಸ, ಹಾರಿಸಲು ಕಲಿಯುವುದು ಕೆಲವು ತಿಂಗಳ ಕೆಲಸ. 'ಇಂದು ಹಾರುವುದು ಬೇಡ' ಎಂದು ತನಗೆ ತಾನೇ ಹೇಳಿಕೊಳ್ಳಲು ಕಲಿಯುವುದು ಮಾತ್ರ ಜೀವಮಾನದ ಕೆಲಸ.

ಕಾರಿಗಿಂತ ಹಗುರ

ಈ ಪೈಕಿ ಅತ್ಯಂತ ಜನಪ್ರಿಯವಾದದ್ದು ಸೆಸ್ನಾ 172. ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಸೆಸ್ನಾ ಕಂಪನಿ ಇದನ್ನು ಮಾರುಕಟ್ಟೆಗೆ ತಂದದ್ದು 1956ರಲ್ಲಿ. ಈವರೆಗೆ 44 ಸಾವಿರಕ್ಕೂ ಹೆಚ್ಚು ತಯಾರಾಗಿವೆ. ಬೇರಾವ ಮಾದರಿಯ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ. ನಾಲ್ಕು ಆಸನಗಳ ಈ ವಿಮಾನದ ಬರಿದೂಕ ಸುಮಾರು 750 ಕೆ.ಜಿ. ನಮ್ಮ ಹಳೆಯ ಅಂಬಾಸಿಡರ್ ಕಾರು ಇದಕ್ಕಿಂತ ಎಷ್ಟೋ ಭಾರ! ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿ ಸಾಗುವ ಇದು ಗಂಟೆಗೆ 30ರಿಂದ 35 ಲೀಟರ್ ಇಂಧನ ಕುಡಿಯುತ್ತದೆ.

1980ರ ದಶಕದಲ್ಲಿ ಅಪಘಾತಗಳಿಗೆ ಸಂಬಂಧಿಸಿದ ಪರಿಹಾರದ ದಾವೆಗಳು ಅಮೆರಿಕದ ತಯಾರಕರನ್ನು ಹೈರಾಣಾಗಿಸಿದವು. 1986ರಲ್ಲಿ ಸೆಸ್ನಾ 172ರ ತಯಾರಿಕೆಯೇ ನಿಂತುಹೋಯಿತು. ಹಳೆಯ ವಿಮಾನಗಳ ಬಗ್ಗೆ ತಯಾರಕರ ಹೊಣೆಗೆ 18 ವರ್ಷಗಳ ಮಿತಿ ಹಾಕುವ ಕಾನೂನು 1994ರಲ್ಲಿ ಬಂದ ಮೇಲಷ್ಟೇ ಕಾರ್ಖಾನೆ ಮತ್ತೆ ಬಾಗಿಲು ತೆರೆಯಿತು. ಹೀಗಾಗಿ ಇಂದು ಹಾರಾಡುತ್ತಿರುವ ಸಣ್ಣ ವಿಮಾನಗಳಲ್ಲಿ ಎಷ್ಟೋ ತಮ್ಮ ಚಾಲಕರಿಗಿಂತ ವಯಸ್ಸಿನಲ್ಲಿ ಹಿರಿಯವು. ಐವತ್ತು ವರ್ಷ ಹಳೆಯ ಕಾರಿನಲ್ಲಿ ಊರಿಗೆ ಹೋಗಲು ಹಿಂಜರಿಯುವವರು ಅಷ್ಟೇ ಹಳೆಯ ವಿಮಾನ ಏರಬಹುದೆ? ಏರಬಹುದು. ಅದನ್ನು ಸಾಕಿದ ರೀತಿ ಸರಿಯಾಗಿದ್ದರೆ.

ಕೊಳ್ಳುವುದಕ್ಕಿಂತ ಸಾಕುವುದು ಕಷ್ಟ

ಆನೆ ಕೊಂಡವನಿಗೆ ಅದರ ಮೇವಿನ ಚಿಂತೆ ಎನ್ನುವಂತೆ ವಿಮಾನ ಕೊಂಡವನಿಗೆ ಅದರ ಪಾಲನೆಯ ಚಿಂತೆ. ಹಾರಿದರೂ ಹಾರದಿದ್ದರೂ ತಪ್ಪದ ಖರ್ಚು ಕೆಲವು: ನಿಲ್ಲಿಸುವ ಜಾಗದ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ. ಹಾರಿದಷ್ಟೂ ಬೆಳೆಯುವ ಖರ್ಚು ಕೆಲವು: ಇಂಧನ, ಎಂಜಿನ್ ಆಯಿಲ್, ಟೈರು, ಬಿಡಿಭಾಗಗಳು. ಇವೆರಡಕ್ಕಿಂತ ದೊಡ್ಡದು ಎಂಜಿನ್ನಿನ ಖರ್ಚು. ಸೆಸ್ನಾ 172ರಲ್ಲಿ ಬಳಸುವ ಲೈಕಾಮಿಂಗ್ ಎಂಜಿನ್ನನ್ನು ಸುಮಾರು 2000 ಗಂಟೆ ಹಾರಿದ ಮೇಲೆ ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸಬೇಕೆಂದು ತಯಾರಕರು ಹೇಳುತ್ತಾರೆ. ಅಷ್ಟು ಗಂಟೆ ಹಾರದಿದ್ದರೂ 12 ವರ್ಷಕ್ಕೊಮ್ಮೆ ಈ ಕೆಲಸ ಆಗಬೇಕೆಂಬುದು ಅವರ ಸಲಹೆ. ಆದ್ದರಿಂದ ಜಾಣ ಒಡೆಯ ಹಾರಿದ ಪ್ರತಿ ಗಂಟೆಗೆ ಇಷ್ಟು ಎಂದು ಹಣ ತೆಗೆದಿಡುತ್ತಾನೆ. ಮೂರು ನಾಲ್ಕು ಮಂದಿ ಸ್ನೇಹಿತರು ಪಾಲು ಹಾಕಿ ಒಂದೇ ವಿಮಾನ ಇಟ್ಟುಕೊಳ್ಳುವ ಪದ್ಧತಿಯೂ ಅಲ್ಲಿ ಸಾಮಾನ್ಯ.

ವಿಚಿತ್ರವೆಂದರೆ, ಹಾರುವ ವಿಮಾನಕ್ಕಿಂತ ಸುಮ್ಮನೆ ನಿಂತ ವಿಮಾನವೇ ಬೇಗ ಹಾಳಾಗುವುದುಂಟು. ತಿಂಗಳುಗಟ್ಟಲೆ ಓಡದ ಎಂಜಿನ್ನಿನೊಳಗೆ ತೇವ ಸೇರುತ್ತದೆ, ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯುತ್ತದೆ. ಮೂತಿಯ ಮುಚ್ಚಳದೊಳಗೆ ಹಕ್ಕಿ ಗೂಡು ಕಟ್ಟುತ್ತದೆ. ವೇಗ ತೋರಿಸುವ ಮೀಟರಿಗೆ ಗಾಳಿ ಒಯ್ಯುವ ಸಣ್ಣ ಕೊಳವೆಯಲ್ಲಿ ಕಣಜ ಮಣ್ಣು ತುಂಬುತ್ತದೆ.

ಅಮೆರಿಕದಲ್ಲಿ ಇಂಥ ಪ್ರತಿ ವಿಮಾನಕ್ಕೂ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸಮಗ್ರ ತಪಾಸಣೆ ಕಡ್ಡಾಯ. ಅಧಿಕಾರಪತ್ರ ಪಡೆದ ತಂತ್ರಜ್ಞ ಎಲ್ಲ ಮುಚ್ಚಳ ಬಿಚ್ಚಿ ಸಿಲಿಂಡರಿನ ಒತ್ತಡ, ರೆಕ್ಕೆಯೊಳಗಿನ ಉಕ್ಕಿನ ತಂತಿಗಳು, ಬ್ರೇಕು, ತುಕ್ಕು, ಬಿರುಕುಗಳನ್ನು ನೋಡಿ ಸಹಿ ಹಾಕಬೇಕು. ಎಂಜಿನ್ ಆಯಿಲ್ ಬದಲಿಸುವುದು, ಟೈರ್ ಹಾಕುವುದು, ಸ್ಪಾರ್ಕ್ ಪ್ಲಗ್ ಶುಚಿಗೊಳಿಸುವುದು ಮುಂತಾದ ಚಿಕ್ಕ ಕೆಲಸಗಳನ್ನು ಚಾಲಕ ಲೈಸೆನ್ಸ್ ಇರುವ ಒಡೆಯ ತಾನೇ ಮಾಡಿಕೊಳ್ಳಬಹುದು. ಆದರೆ ಮಾಡಿದ ಕೆಲಸ, ದಿನಾಂಕ, ಲೈಸೆನ್ಸ್ ಸಂಖ್ಯೆ, ಸಹಿ - ಇಷ್ಟನ್ನೂ ವಿಮಾನದ ಲಾಗ್ ಪುಸ್ತಕದಲ್ಲಿ ಬರೆಯಲೇಬೇಕು. ಈ ಪುಸ್ತಕ ವಿಮಾನದ ಜಾತಕವಿದ್ದಂತೆ. ಅದು ಕಳೆದುಹೋದರೆ ವಿಮಾನದ ಬೆಲೆಯೇ ಕುಸಿಯುತ್ತದೆ. ಚೆನ್ನಾಗಿ ಕೆಲಸ ಮಾಡಿದರೆ ಸಾಲದು, ಮಾಡಿದ್ದನ್ನು ಬರೆದಿಡಬೇಕೆಂಬುದು ವಿಮಾನಲೋಕದ ಮೊದಲ ಪಾಠ.

ಲೋಟದಲ್ಲಿ ನೀಲಿ ಇಂಧನ

ಕಾರನ್ನು ಕೀಲಿ ತಿರುಗಿಸಿ ಹೊರಡಿಸುತ್ತೇವೆ. ವಿಮಾನದಲ್ಲಿ ಹಾಗಿಲ್ಲ. ಪ್ರತಿ ಸಲವೂ ಅದರ ಸುತ್ತ ಒಂದು ಪ್ರದಕ್ಷಿಣೆ ಬರಬೇಕು. ಪಾರದರ್ಶಕ ಲೋಟವೊಂದನ್ನು ಹಿಡಿದು ರೆಕ್ಕೆಯ ಅಡಿಯಿಂದ ಸ್ವಲ್ಪ ಇಂಧನ ಇಳಿಸಿ ಬೆಳಕಿಗೆ ಹಿಡಿಯಬೇಕು. ಈ ವಿಮಾನಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಇಂಧನಕ್ಕೆ ಗುರುತಿಗಾಗಿ ನೀಲಿ ಬಣ್ಣ ಬೆರೆಸಿರುತ್ತಾರೆ. ಟ್ಯಾಂಕಿನಲ್ಲಿ ನೀರು ಸೇರಿದ್ದರೆ ಅದು ಲೋಟದ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ರಾತ್ರಿಯ ತಂಪಿಗೆ ಅರೆತುಂಬಿದ ಟ್ಯಾಂಕಿನೊಳಗಿನ ತೇವ ಹನಿಗಟ್ಟುವುದು ಅಪರೂಪವಲ್ಲ. ಆ ನೀರು ಎಂಜಿನ್ ತಲುಪಿದರೆ ಆಕಾಶದಲ್ಲಿ ಎಂಜಿನ್ ನಿಂತೀತು. ಇಂಧನ ಎಷ್ಟಿದೆ ಎಂದು ತಿಳಿಯಲೂ ಮೀಟರ್ ಒಂದನ್ನೇ ನಂಬುವಂತಿಲ್ಲ. ರೆಕ್ಕೆ ಹತ್ತಿ ಮುಚ್ಚಳ ತೆಗೆದು ಕಡ್ಡಿ ಇಳಿಸಿ ನೋಡುವುದು ಇಂದಿಗೂ ರೂಢಿ.

ರನ್‌ವೇ ಬಳಿ ಬಂದ ಮೇಲೆ ಇನ್ನೊಂದು ಪರೀಕ್ಷೆ. ಇಂಥ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್‌ಗಳು. ಅವಕ್ಕೆ ಕಿಡಿ ಒದಗಿಸಲು ಬ್ಯಾಟರಿಯ ಹಂಗಿಲ್ಲದ ಎರಡು ಮ್ಯಾಗ್ನೆಟೊಗಳು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂಬ ಏರ್ಪಾಡು ಇದು. ಚಾಲಕ ಒಂದೊಂದನ್ನೇ ಆರಿಸಿ ಎಂಜಿನ್ ಸುತ್ತುವ ವೇಗ ಎಷ್ಟು ಕುಗ್ಗುತ್ತದೆಂದು ಗಮನಿಸುತ್ತಾನೆ. ಕುಗ್ಗಿದ್ದು ಮಿತಿ ಮೀರಿದರೆ ವಿಮಾನ ಹಿಂದಿರುಗಬೇಕು. ಹತ್ತು ಸಾವಿರ ಗಂಟೆ ಹಾರಿದವರೂ ಈ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುವುದಿಲ್ಲ, ಕೈಯಲ್ಲಿ ಹಿಡಿದು ಓದುತ್ತಾರೆ.

ಒಂದು ಸ್ಪಾರ್ಕ್ ಪ್ಲಗ್ಗಿನ ಬೆಲೆ ಎಷ್ಟೆಂದು ತಿಳಿಯಲು 1930ರ ಪ್ರಸಂಗವೊಂದನ್ನು ನೆನೆಯಬಹುದು. ಭಾರತ - ಇಂಗ್ಲೆಂಡ್ ನಡುವೆ ಒಬ್ಬಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನರು 500 ಪೌಂಡ್ ಬಹುಮಾನ ಘೋಷಿಸಿದ್ದರು. ಹಿಂದಿನ ವರ್ಷವಷ್ಟೇ ಚಾಲಕ ಲೈಸೆನ್ಸ್ ಪಡೆದಿದ್ದ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಹೊರಟರು. ಹದಿನೇಳರ ತರುಣ ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ ಇತ್ತ ಹೊರಟಿದ್ದ. ಇಬ್ಬರದೂ ಪುಟ್ಟ ಜಿಪ್ಸಿ ಮಾತ್ ವಿಮಾನ. ಈಜಿಪ್ಟಿನ ಅಬೂಕಿರ್‌ನಲ್ಲಿ ಇಬ್ಬರೂ ಎದುರಾದಾಗ ಆಸ್ಪಿ ಸ್ಪಾರ್ಕ್ ಪ್ಲಗ್ ಇಲ್ಲದೆ ಸಿಕ್ಕಿಬಿದ್ದಿದ್ದ. ಟಾಟಾ ತಮ್ಮಲ್ಲಿದ್ದುದನ್ನು ಕೊಟ್ಟರು. ಕೆಲವೇ ಗಂಟೆಗಳ ಅಂತರದಲ್ಲಿ ಆಸ್ಪಿಯೇ ಗೆದ್ದ. ಮುಂದೆ ಆತ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರೆ, ಟಾಟಾ 1932ರಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ಹಾರಿ ದೇಶದ ವಿಮಾನಯಾನಕ್ಕೆ ನಾಂದಿ ಹಾಡಿದರು.

ನಾಲ್ಕು ಆಸನ, ಆದರೆ...

ನಾಲ್ಕು ಆಸನಗಳಿವೆ ಎಂದ ಮಾತ್ರಕ್ಕೆ ನಾಲ್ವರು ದೊಡ್ಡವರು ಸಾಮಾನಿನೊಂದಿಗೆ, ಟ್ಯಾಂಕ್ ತುಂಬಿಸಿಕೊಂಡು ಹೊರಡುವಂತಿಲ್ಲ. ಇಂಧನ ಹೆಚ್ಚಾದರೆ ಜನ ಕಡಿಮೆಯಾಗಬೇಕು, ಜನ ಹೆಚ್ಚಾದರೆ ಇಂಧನ ಕಡಿಮೆಯಾಗಬೇಕು. ಪ್ರತಿ ಹಾರಾಟಕ್ಕೂ ಮುನ್ನ ಈ ಕೂಡು-ಕಳೆ ಲೆಕ್ಕ ಆಗಬೇಕು.

ಇದರ ಜೊತೆಗೆ ಎತ್ತರದ ಲೆಕ್ಕ. ನೆಲ ಎತ್ತರವಾದಷ್ಟೂ, ಬಿಸಿಲು ಏರಿದಷ್ಟೂ ಗಾಳಿ ತೆಳುವಾಗುತ್ತದೆ. ತೆಳುಗಾಳಿಯಲ್ಲಿ ಎಂಜಿನ್ನಿನ ಕಸುವು ತಗ್ಗುತ್ತದೆ, ಪ್ರೊಪೆಲ್ಲರಿಗೆ ಹಿಡಿತ ಸಾಲದು, ರೆಕ್ಕೆ ಎತ್ತುವ ಬಲವೂ ಕಡಿಮೆ. ಸಮುದ್ರತೀರದಲ್ಲಿ ಸಲೀಸಾಗಿ ಏರಿದ ಅದೇ ವಿಮಾನ, ಅದೇ ತೂಕ ಹೊತ್ತು ಗುಡ್ಡದೂರಿನಲ್ಲಿ ಏದುಸಿರು ಬಿಡುತ್ತದೆ. ಹೈಸ್ಕೂಲಿನ ಭೌತಶಾಸ್ತ್ರ ಇಲ್ಲಿ ಜೀವನ್ಮರಣದ ಪ್ರಶ್ನೆಯಾಗುತ್ತದೆ.

ಏಳು ವರ್ಷದ ಜೆಸ್ಸಿಕಾ

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1996ರ ಏಪ್ರಿಲ್‌ನಲ್ಲಿ ನಡೆದ ದುರಂತ ಸಾಕ್ಷಿ. ಎಲ್ಲ ತಂದೆತಾಯಿಗಳೂ ತಿಳಿದಿರಬೇಕಾದ ಕಥೆಯಿದು.

ಕ್ಯಾಲಿಫೋರ್ನಿಯಾದ ಜೆಸ್ಸಿಕಾ ಡುಬ್ರಾಫ್‌ಗೆ ಆಗಿನ್ನೂ ಏಳು ವರ್ಷ. ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ವಿಮಾನ ನಡೆಸಿದ ಅತಿ ಕಿರಿಯಳು ಎಂಬ ಹೆಸರು ಮಗಳಿಗೆ ಬರಲಿ ಎಂಬುದು ತಂದೆಯ ಆಸೆ. ಇಂಥ ದಾಖಲೆಗಳು ಅಪಾಯಕ್ಕೆ ಪ್ರೋತ್ಸಾಹ ಕೊಡುತ್ತವೆಂದು ಗಿನ್ನೆಸ್ ಪುಸ್ತಕ 'ಅತಿ ಕಿರಿಯ ಪೈಲಟ್' ವಿಭಾಗವನ್ನು ಅದಾಗಲೇ ಕೈಬಿಟ್ಟಿತ್ತು. ಆದರೆ ಟಿ.ವಿ. ಮತ್ತು ಪತ್ರಿಕೆಗಳವರು ಹಿಂದೆ ಬಿದ್ದಿದ್ದರು. ವಿಮಾನ ನಾಲ್ಕು ಆಸನಗಳ ಸೆಸ್ನಾ ಕಾರ್ಡಿನಲ್. ಹುಡುಗಿಯ ಕಾಲು ಪೆಡಲಿಗೆ ಎಟುಕದ ಕಾರಣ ಅದಕ್ಕೆ ಜೋಡಣೆ, ಹೊರಗೆ ಕಾಣಲೆಂದು ಆಸನದ ಮೇಲೆ ದಿಂಬು. ಕಾನೂನಿನ ಪ್ರಕಾರ ಚಾಲಕ ಪಕ್ಕದಲ್ಲಿದ್ದ ಶಿಕ್ಷಕ ಜೋ ರೀಡ್. ಹಿಂದಿನ ಆಸನದಲ್ಲಿ ತಂದೆ.

ಏಪ್ರಿಲ್ 10ರಂದು ಪಶ್ಚಿಮ ಕರಾವಳಿಯಿಂದ ಹೊರಟು, ದಿನವಿಡೀ ಹಾರಿ ವಯೋಮಿಂಗ್ ರಾಜ್ಯದ ಷಾಯೆನ್ ಎಂಬ ಊರಿನಲ್ಲಿ ತಂಗಿದರು. ಆ ವಿಮಾನ ನಿಲ್ದಾಣದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,880 ಮೀಟರ್, ಅಂದರೆ ನಮ್ಮ ಬೆಂಗಳೂರಿನ ಎರಡು ಪಟ್ಟು. ಮರುದಿನ ಬೆಳಗ್ಗೆ ಗುಡುಗು ಮಳೆ ಸಮೀಪಿಸುತ್ತಿತ್ತು. ವಿಮಾನದಲ್ಲಿ ಮಿತಿಗಿಂತ 40 ಕೆ.ಜಿ.ಗೂ ಹೆಚ್ಚು ತೂಕವಿತ್ತು. ಮುಂದಿನ ಊರುಗಳಲ್ಲಿ ಕ್ಯಾಮೆರಾಗಳು ಕಾದಿದ್ದವು. ಮಳೆಯಲ್ಲೇ ನೆಲ ಬಿಟ್ಟ ವಿಮಾನ ಕೆಲವೇ ಕ್ಷಣಗಳಲ್ಲಿ ವೇಗ ಕಳೆದುಕೊಂಡು ವಸತಿ ಪ್ರದೇಶವೊಂದರಲ್ಲಿ ಬಿತ್ತು. ಮೂವರೂ ಉಳಿಯಲಿಲ್ಲ.

ಬದಲಾಗುತ್ತಿದ್ದ ಹವೆಯಲ್ಲಿ, ಅಧಿಕ ತೂಕ ಹೊತ್ತು, ಅಭ್ಯಾಸವಿಲ್ಲದ ತೆಳುಗಾಳಿಯಲ್ಲಿ ಹೊರಡಲು ಶಿಕ್ಷಕ ಮಾಡಿದ ತೀರ್ಮಾನವೇ ಇದಕ್ಕೆ ಕಾರಣ ಎಂದು ತನಿಖಾ ಮಂಡಳಿ ಹೇಳಿತು. ಮಾಧ್ಯಮಗಳಿಗೆ ಕೊಟ್ಟ ಮಾತಿನಿಂದಾಗಿ ಬಿಗಿಯಾದ ವೇಳಾಪಟ್ಟಿಯೂ ಆ ತೀರ್ಮಾನಕ್ಕೆ ಪ್ರೇರಣೆಯಾಯಿತೆಂದು ಸೇರಿಸಿತು. ಅಲ್ಲಿ ಎಂಜಿನ್ ಕೆಟ್ಟಿರಲಿಲ್ಲ, ರೆಕ್ಕೆ ಮುರಿದಿರಲಿಲ್ಲ. 'ಎರಡು ಗಂಟೆ ಕಾಯೋಣ' ಎನ್ನುವ ಒಂದು ಮಾತಿನ ಕೊರತೆಯಿತ್ತು. ಲೈಸೆನ್ಸ್ ಇಲ್ಲದ ಮಕ್ಕಳು ದಾಖಲೆಗಾಗಿ ವಿಮಾನ ನಡೆಸುವುದನ್ನು ಅದೇ ವರ್ಷ ಅಮೆರಿಕದ ಸಂಸತ್ತು ಕಾನೂನಿನ ಮೂಲಕ ನಿಷೇಧಿಸಿತು.

ಮೂರು ವರ್ಷಗಳ ನಂತರ, 1999ರ ಜುಲೈಯಲ್ಲಿ ಅಧ್ಯಕ್ಷ ಕೆನಡಿ ಅವರ ಮಗ ಜಾನ್ ಕೆನಡಿ ಜೂನಿಯರ್ ತಮ್ಮದೇ ಪೈಪರ್ ವಿಮಾನದಲ್ಲಿ ಪತ್ನಿ ಮತ್ತು ಆಕೆಯ ಸಹೋದರಿಯೊಂದಿಗೆ ಹೊರಟರು. ಕತ್ತಲು, ಮಬ್ಬು, ಕೆಳಗೆ ಕಡಲು. ಉಪಕರಣಗಳನ್ನಷ್ಟೇ ನೋಡಿ ಹಾರುವ ಅರ್ಹತೆಯನ್ನು ಅವರಿನ್ನೂ ಪಡೆದಿರಲಿಲ್ಲ. ದಿಗಂತ ಕಾಣದಾದಾಗ ದಿಕ್ಕುದೆಸೆಯ ಅರಿವು ತಪ್ಪಿ ವಿಮಾನ ಸಮುದ್ರ ಸೇರಿತು. ಹಣ, ಹೆಸರು, ಒಳ್ಳೆಯ ವಿಮಾನ ಎಲ್ಲ ಇದ್ದೂ ನೆರವಿಗೆ ಬರಲಿಲ್ಲ.

ನಮ್ಮ ನಾಡಿನಲ್ಲಿ

ಭಾರತದಲ್ಲಿ ಸ್ವಂತ ವಿಮಾನದ ಹವ್ಯಾಸ ಅಮೆರಿಕದಷ್ಟು ಬೆಳೆದಿಲ್ಲ. ಇಲ್ಲಿ ಸಣ್ಣ ವಿಮಾನಗಳ ಮನೆ ಫ್ಲೈಯಿಂಗ್ ಕ್ಲಬ್ಬುಗಳು ಮತ್ತು ತರಬೇತಿ ಶಾಲೆಗಳು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಈ ಕ್ಲಬ್ಬುಗಳಿಗೆಂದೇ ಬೆಂಗಳೂರಿನ ಎಚ್.ಎ.ಎಲ್. ಎರಡು ಆಸನಗಳ 'ಪುಷ್ಪಕ್' ವಿಮಾನ ತಯಾರಿಸಿತು. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಅದು ಮೊದಲು ಹಾರಿದ್ದು 1958ರಲ್ಲಿ. ಆ ಬಳಿಕ ಬೆಂಗಳೂರಿನದೇ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ 'ಹಂಸ' ತರಬೇತಿ ವಿಮಾನ ನಿರ್ಮಿಸಿತು. ಪುಷ್ಪಕ್‌ನ ರೆಕ್ಕೆಗೆ ಬಟ್ಟೆಯ ಹೊದಿಕೆಯಿದ್ದರೆ ಹಂಸದ ಮೈ ನಾರು-ರಾಳಗಳ ಸಂಯೋಜನೆಯದು.

ಖಾಸಗಿ ಪೈಲಟ್ ಲೈಸೆನ್ಸ್‌ಗೆ ನಮ್ಮಲ್ಲಿ ಕನಿಷ್ಠ ವಯಸ್ಸು 17, ವಿದ್ಯಾರ್ಹತೆ ಹತ್ತನೇ ತರಗತಿ. ವೈದ್ಯಕೀಯ ಪರೀಕ್ಷೆ, ಲಿಖಿತ ಪರೀಕ್ಷೆ ಮತ್ತು ಕನಿಷ್ಠ 40 ಗಂಟೆಗಳ ಹಾರಾಟ ಬೇಕು. ಈ ಲೈಸೆನ್ಸಿನಿಂದ ಹಾರಿ ಹಣ ಸಂಪಾದಿಸುವಂತಿಲ್ಲ. ಸಂಬಳದ ಕೆಲಸಕ್ಕೆ ವಾಣಿಜ್ಯ ಲೈಸೆನ್ಸ್ ಬೇಕು. ಅದಕ್ಕೆ ವಯಸ್ಸು 18 ಆಗಿರಬೇಕು, 200 ಗಂಟೆ ಹಾರಿರಬೇಕು. ತರಬೇತಿಯ ಶುಲ್ಕ ಮಧ್ಯಮ ವರ್ಗದ ಕುಟುಂಬಕ್ಕೆ ಬಹು ದೊಡ್ಡ ಮೊತ್ತ. ಆದ್ದರಿಂದ ಹಣ ಕಟ್ಟುವ ಮೊದಲೇ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ. ಹಣವಿಲ್ಲದವರಿಗೂ ಒಂದು ದಾರಿಯಿದೆ: ಎನ್.ಸಿ.ಸಿ.ಯ ವಾಯುದಳ ವಿಭಾಗಕ್ಕೆ ಸೇರಿದ ಕೆಡೆಟ್‌ಗಳಿಗೆ ಮೈಕ್ರೋಲೈಟ್ ವಿಮಾನದಲ್ಲಿ ಹಾರುವ ಅವಕಾಶ ಸಿಗುತ್ತದೆ.

ಮಗ ಅಥವಾ ಮಗಳು 'ಪೈಲಟ್ ಆಗುತ್ತೇನೆ' ಎಂದಾಗ ತಂದೆತಾಯಿಗಳು ಸಾಮಾನ್ಯವಾಗಿ ಕೇಳುವುದು ಖರ್ಚೆಷ್ಟು, ಸಂಬಳವೆಷ್ಟು ಎಂದು. ಕೇಳಬೇಕಾದ ಇನ್ನೂ ಕೆಲವು ಪ್ರಶ್ನೆಗಳಿವೆ. ಮಾಡಿದ ಕೆಲಸವನ್ನು ಇದ್ದಂತೆ ಬರೆದಿಡುವ ಅಭ್ಯಾಸ ಇದೆಯೆ? ನೂರು ಸಲ ನೋಡಿದ್ದನ್ನು ನೂರೊಂದನೇ ಸಲವೂ ಬೇಸರಿಸದೆ ನೋಡುವ ತಾಳ್ಮೆ ಇದೆಯೆ? ಎಲ್ಲರೂ ಕಾದು ನಿಂತಿರುವಾಗ, ಕಾಯಿಸಿದ್ದಕ್ಕೆ ಬೈಸಿಕೊಂಡರೂ ಸರಿ, 'ಇವತ್ತು ಬೇಡ' ಎನ್ನುವ ಧೈರ್ಯ ಇದೆಯೆ? ಇವುಗಳಿಗೆ ಹೌದೆಂಬ ಉತ್ತರ ಬಂದರೆ ಆ ಹುಡುಗನಿಗೋ ಹುಡುಗಿಗೋ ಸ್ವಂತ ವಿಮಾನ ಇರಲಿ ಇಲ್ಲದಿರಲಿ, ಪೈಲಟ್ ಆಗುವ ಅರ್ಧ ಯೋಗ್ಯತೆ ಬಂದಂತೆಯೇ ಲೆಕ್ಕ.